ವರ್ನನ ಕಿವಿ, ನನ್ನ ಟಿಪ್ಪಣಿ

ಈ ಸಲ ನಮ್ಮೂರು ಬ್ರ್ಯಾಂಡನ್‌ನಿಂದ ವಿನಿಪೆಗ್ ನಗರದ ಫೈನಲ್‌ಗೆ ಹೋಗುವವಳು ನಾನೇ ಎಂದು ಫೆಬ್ರವರಿಯಲ್ಲೇ ತೀರ್ಮಾನಿಸಿದ್ದೆ. ಪಂದ್ಯ ನಡೆಸುವವರಿಗೆ ಅದು ಗೊತ್ತಿರಲಿಲ್ಲ, ಅಷ್ಟೇ!

ನಮ್ಮದು ಇಸ್ಪೀಟಲ್ಲ, ಮಂತ್ರವಾದಿಗಳು, ಡ್ರ್ಯಾಗನ್‌ಗಳು ಹೊಡೆದಾಡುವ ಕಾರ್ಡಿನಾಟ. ಒಬ್ಬೊಬ್ಬರಿಗೆ ಇಪ್ಪತ್ತು ಪ್ರಾಣ. ಮೊದಲು ಸೊನ್ನೆಗಿಳಿದವರು ಮನೆಗೆ. ಆಡುತ್ತಾ ಟಿಪ್ಪಣಿ ಬರೆದುಕೊಳ್ಳಬಹುದು. ಜನ ಸೋಲುವುದು ಗಮನ ತಪ್ಪಿ, ನಾನು ಒಂದನ್ನೂ ಬಿಡದೆ ಬರೆಯುತ್ತೇನೆ ಎಂದು ಗಂಡ ವರ್ನನಿಗೆ ತಿಂಗಳಿಡೀ ಉಪದೇಶ ಮಾಡಿದೆ. ಸಮಯ ಉಳಿಸಲು ಒಂದು ಸಂಕೇತಲಿಪಿಯನ್ನೇ ಸೃಷ್ಟಿಸಿದೆ. ತಾನೂ ಪಂದ್ಯಕ್ಕೆ ಹೆಸರು ಕೊಟ್ಟಿದ್ದ ಅವನು ಒಂದು ಪೆನ್ಸಿಲ್ ತುಂಡನ್ನು ಜೇಬಿಗೆ ಹಾಕಿಕೊಂಡ.

ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವವರ ಕರ್ಲಿಂಗ್ ಕ್ಲಬ್ಬಿನ ಸಭಾಂಗಣದಲ್ಲಿ ಸೆಮಿಫೈನಲ್. ನನ್ನೆದುರು ಬಂದು ಕೂತವನು ವರ್ನನೇ.

ತಲೆ ಎತ್ತಿದ್ದು ಅವನ ಮುಖ ನೋಡಲು, ತಗ್ಗಿಸಿದ್ದು ಬರೆಯಲು. ಮೂರು ಸಲ ಅವನ ಮೇಲೆ ಬೀಳುವ ಅವಕಾಶ ಬಂತು. ಮೂರು ಸಲವೂ ನನ್ನ ಟಿಪ್ಪಣಿ 'ಬೇಡ' ಎಂದಿತು, ತಡೆದುಕೊಂಡೆ. ಕೊನೆಗೆ ಅವನ ಡ್ರ್ಯಾಗನ್ ಬಂದು ಏಟಿಗೊಂದು ಪ್ರಾಣದಂತೆ ನಾಲ್ಕು ಏಟು ಕೊಟ್ಟಿತು. ಮುಗೀತು ಎಂದ. ನನಗಿನ್ನೂ ಏಳು ಪ್ರಾಣವಿತ್ತು ಎಂದು ವಾದಿಸಿದೆ. ಇದ್ದದ್ದೇ ನಾಲ್ಕು ಎಂದ.

ತೀರ್ಪುಗಾರ್ತಿ ಒಡೆಟ್ ಬಂದು ಇಬ್ಬರ ಟಿಪ್ಪಣಿಯನ್ನೂ ಕೇಳಿದಳು. ವರ್ನನದು ಒಂದು ಚೀಟಿ, ಅದರಲ್ಲಿ ಪ್ರತಿ ಏಟಿನ ನಂತರ ನನಗೆ ಉಳಿದ ಪ್ರಾಣ: ಇಪ್ಪತ್ತು, ಹದಿನೇಳು, ಹನ್ನೆರಡು, ಒಂಬತ್ತು, ನಾಲ್ಕು. ನನ್ನದು ಹನ್ನೊಂದು ಪುಟ. ಓದುತ್ತಾ ಅವಳ ಹುಬ್ಬು ಗಂಟಾಯಿತು.

"ಮೇಡಂ, ಈ 'ಕಿ.ತು.' ಅಂದ್ರೇನು? ಹೊರಗಿನವರ ಜೊತೆ ಗುಟ್ಟಿನ ಭಾಷೆಯಾದ್ರೆ ನಿಮ್ಮನ್ನ ಪಂದ್ಯದಿಂದ ತೆಗೀಬೇಕಾಗುತ್ತೆ."

"ಕಿವಿ ತುರಿಸಿಕೊಂಡ."

"ಯಾರು?"

"ನನ್ನ ಗಂಡ."

"'ಉ.ನುಂ.'?"

"ಉಗುಳು ನುಂಗಿದ."

ಪಕ್ಕದ ಮೇಜುಗಳಲ್ಲಿ ಆಟ ನಿಂತಿತು. ಒಡೆಟ್ ಒಂದೊಂದನ್ನೂ ಕೇಳಿದಳು. ನಾನು ಒಂದೊಂದನ್ನೂ ಬಿಡಿಸಿ ಹೇಳಿದೆ. ಹನ್ನೊಂದು ಪುಟದಲ್ಲಿ ವರ್ನನ ಕೆಮ್ಮು, ನಿಟ್ಟುಸಿರು, ಕನ್ನಡಕ ಒರೆಸಿಕೊಂಡದ್ದು ಎಲ್ಲವೂ ಇತ್ತು. ನನ್ನ ಪ್ರಾಣದ ಲೆಕ್ಕವೊಂದೇ ಇರಲಿಲ್ಲ. ತೀರ್ಪು ಆ ಚೀಟಿಯ ಪರವಾಗಿ ಬಂತು.

ಕಾರಿನಲ್ಲಿ ಕೂತ ಮೇಲೆ ವರ್ನ ನನ್ನ ಟಿಪ್ಪಣಿ ಪುಸ್ತಕ ಇಸಿದುಕೊಂಡು ನಿಧಾನವಾಗಿ ಓದಿದ.

"ನಾನು ಕಿವಿ ತುರಿಸಿದಾಗೆಲ್ಲ ಪಕ್ಕದಲ್ಲಿ 'ಭಾರೀ ಕಾರ್ಡಿದೆ, ಬೇಡ' ಅಂತ ಬರ್ದಿದೀಯಲ್ಲೇ?"

"ಮತ್ತೆ, ಇರಲಿಲ್ವಾ?"

"ಏನೂ ಇರಲಿಲ್ಲ ಕಣೇ. ಇನ್ನು ನೀನೇ ಗೆಲ್ತೀಯ ಅನ್ನಿಸಿ ಹೆದರಿಕೆಯಾದಾಗ ನನಗೆ ಕಿವಿ ತುರಿಸುತ್ತೆ."

ಮದುವೆಯಾಗಿ ಇಪ್ಪತ್ತಾರು ವರ್ಷ. ಮನೆಯಲ್ಲಿ ನಡೆದ ಪ್ರತಿ ಜಗಳದಲ್ಲೂ ಅವನು ಕಿವಿ ತುರಿಸಿಕೊಂಡ ಕೂಡಲೇ, ಇವನ ಹತ್ತಿರ ಏನೋ ಬಲವಾದ ಉತ್ತರ ಇದೆ ಎಂದು ಹೆದರಿ ಬಾಯಿ ಮುಚ್ಚಿಕೊಂಡವಳು ನಾನು.