ಪೆಕ್ಕಪ್ಪನೋರಿಗೆ ಒಂದು ಗಂಟೆ ಶ್ರುತಿ

ಉಮಾಶಂಕರನ ಕರೆಂಟಿನ ಶ್ರುತಿ ಪೆಟ್ಟಿಗೆ ಆ ಬೆಳಿಗ್ಗೆ ಆರೂಕಾಲಿಗೆ ಹಾಲು ಕುಡಿದು ಸತ್ತಿತು. ಹಾಲು ಕುಡಿದ ಮಕ್ಕಳೇ ಉಳಿಯುವುದಿಲ್ಲ ಎಂದು ಗಾದೆಯಿದೆ, ಪೆಟ್ಟಿಗೆ ಉಳಿದೀತೇ?

ವಕ್ಕಲೇರಿ ಕಡೆಯ ಒಂದು ಹಳ್ಳಿಯ ಹಾಲಿನ ಡೈರಿಗೆ ಅವನು ಕಾರ್ಯದರ್ಶಿ. ಊರವರು ತಂದ ಹಾಲಿನ ಕೊಬ್ಬು ಅಳೆಯುವುದು ಕೆಲಸ. ಸ್ವಂತಕ್ಕೆ ಮೈಯಲ್ಲಾಗಲಿ ಮಾತಿನಲ್ಲಾಗಲಿ ಒಂದಿಷ್ಟೂ ಕೊಬ್ಬಿಲ್ಲದ ಮನುಷ್ಯ. ಹಾಲು ತಣ್ಣಗಿಡುವ ಯಂತ್ರದ ಗುಂಯ್‌ಕಾರಕ್ಕೆ ಶ್ರುತಿ ಹೊಂದುತ್ತದೋ ನೋಡೋಣವೆಂದು ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟಿದ್ದ. ಯಾರದೋ ಕ್ಯಾನು ವಾಲಿತು. ಪೆಟ್ಟಿಗೆ ಒಮ್ಮೆ ಬಿಕ್ಕಳಿಸಿ, ಪಂಚಮದಿಂದ ಷಡ್ಜಕ್ಕಿಳಿದು, ಷಡ್ಜದಿಂದ ಸದ್ಗತಿಗೆ ಸಂದಿತು.

ಬೇರೆ ದಿನವಾಗಿದ್ದರೆ ಅವನು ಇಷ್ಟು ಕುಸಿಯುತ್ತಿರಲಿಲ್ಲ. ಆ ದಿನ ಮಧ್ಯಾಹ್ನ ಎರಡರಿಂದ ಮೂರರವರೆಗೆ ಜಗತ್ತು ಅವನನ್ನು ಕೇಳಲಿತ್ತು.

ಎರಡು ವರ್ಷದಿಂದ ಉಮಾಶಂಕರ್ ಡ್ರೋನ್ ಸಂಗೀತ ಮಾಡುತ್ತಿದ್ದ. ಡ್ರೋನ್ ಎಂದರೆ ಮಾವಿನ ತೋಪಿನ ಮೇಲೆ ಹಾರಿ ಔಷಧಿ ಹೊಡೆಯುವುದಲ್ಲ. ಒಂದೇ ಸ್ವರ, ಅಥವಾ ಒಂದರ ಪಕ್ಕ ಇನ್ನೊಂದು, ಗಂಟೆಗಟ್ಟಲೆ ಹಾಗೆಯೇ ನಿಂತಿರುವುದು. ಹಾಡು ಹೊಳೆಯಾದರೆ ಇದು ಕೆರೆ. ತುಂಬಿ ಹರಿಯುವ ಹೊಳೆಯೇ ಇಲ್ಲದ, ಕೆರೆಗಳೇ ದಿಕ್ಕಾದ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಅದು ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಇಂಥದ್ದನ್ನು ಮಾಡುವವರ ಒಂದು ಗುಂಪು ಇಂಟರ್ನೆಟ್ಟಿನಲ್ಲಿತ್ತು. ಇನ್ನೂರು ಚಿಲ್ಲರೆ ಮಂದಿ, ಫಿನ್‌ಲ್ಯಾಂಡಿನಿಂದ ಹಿಡಿದು ನಾನಾ ದೇಶದವರು. ಒಬ್ಬರು ಫ್ರಿಜ್ಜಿನ ಸದ್ದು ಹಾಕುತ್ತಿದ್ದರು, ಇನ್ನೊಬ್ಬರು ಹಡಗಿನ ಹೊಟ್ಟೆಯ ಸದ್ದು. ಯಾರು ಏನು ಹಾಕಿದರೂ ಉಳಿದವರು ಕೂತು ಪೂರ್ತಿ ಕೇಳುತ್ತಿದ್ದರು, ನಿಮ್ಮ ಒಂಬತ್ತನೇ ನಿಮಿಷದಲ್ಲಿ ನನಗೆ ನಮ್ಮಜ್ಜಿ ನೆನಪಾದರು ಎಂದು ಬರೆಯುತ್ತಿದ್ದರು. ಒಂದು ಕಟುಮಾತಿಲ್ಲ, ಕೊಂಕಿಲ್ಲ. ಡೈರಿಯ ಸರ್ವಸದಸ್ಯರ ಸಭೆ ನಡೆಸಿದ್ದವನಿಗೆ ಇಂಥ ಮನುಷ್ಯರು ಭೂಮಿಯ ಮೇಲಿದ್ದಾರೆಂಬುದನ್ನು ನಂಬಲು ಮೂರು ತಿಂಗಳು ಹಿಡಿದಿತ್ತು.

ಊರಿನಲ್ಲಿ ಮಾತ್ರ ಯಾರೂ ಐದು ನಿಮಿಷ ಕೇಳಿರಲಿಲ್ಲ. ಹೆಂಡತಿ ರಜನಿ ನಾಲ್ಕು ನಿಮಿಷ ಕೂತು, "ರೀ, ಮಿಕ್ಸಿ ಕೆಟ್ಟೋಗೈತಾ?" ಎಂದು ಎದ್ದು ಹೋಗಿದ್ದಳು.

ಗುಂಪಿನವರು ವರ್ಷಕ್ಕೊಮ್ಮೆ ಇಪ್ಪತ್ನಾಲ್ಕು ಗಂಟೆಗಳ ಸರಪಳಿ ಕಟ್ಟುತ್ತಿದ್ದರು. ಗಂಟೆಗೊಬ್ಬರು, ನೇರಪ್ರಸಾರ. ಹಳೆಯ ರೆಕಾರ್ಡಿಂಗ್ ಹಾಕುವಂತಿಲ್ಲ, ನಡುವೆ ನಾದ ಕಡಿಯುವಂತಿಲ್ಲ. ಈ ವರ್ಷ ಒಂದು ಗಂಟೆ ಉಮಾಶಂಕರನ ಪಾಲಿಗೆ ಬಂದಿತ್ತು. ಒಂದು ಸಲ, ಒಂದೇ ಒಂದು ಸಲ, ತಾನು ಮಾಡಿದ್ದನ್ನು ಮೊದಲಿಂದ ಕೊನೆಯವರೆಗೆ ಮನುಷ್ಯರು ಕೂತು ಕೇಳಬೇಕು. ಇಷ್ಟೇ ಅವನ ಆಸೆ.

ಪೆಟ್ಟಿಗೆ ಸತ್ತ ಮೇಲೆ ಊರಿನಲ್ಲಿ ಉಳಿದದ್ದು ಇನ್ನೊಂದೇ: ಭಜನೆ ಮಂಡಳಿಯ ಮರದ ಶ್ರುತಿ ಪೆಟ್ಟಿಗೆ, ಕೈಯಲ್ಲಿ ತಿದಿ ಒತ್ತುವಂಥದ್ದು. ಅದು ಮಂಡಳಿಯ ಹಿರಿಯ ಕೋದಂಡರಾಮಪ್ಪನವರ ಮನೆಯಲ್ಲಿತ್ತು.

"ಮಾವ, ಶ್ರುತಿ ಪೆಟ್ಟಿಗೆ ಬೇಕಾಗಿತ್ತು."

"ಎಷ್ಟೊತ್ಗೆ?"

"ಎರಡು ಗಂಟೆಗೆ."

"ಬಲೇ ಶಂಕ್ರ! ತಗೊಂಡೋಗು," ಎಂದು ಕೋದಂಡರಾಮಪ್ಪ ಪೆಟ್ಟಿಗೆಯ ಧೂಳನ್ನು ಹೆಗಲ ಮೇಲಿನ ಟವಲಿನಿಂದ ಒರೆಸಿಯೇ ಕೊಟ್ಟರು.

ಆ ಊರಿನಲ್ಲಿ ಮಂಡಳಿಯ ಶ್ರುತಿ ಪೆಟ್ಟಿಗೆ ಯಾರ ಮನೆಗೆ ಹೋಗುತ್ತದೋ ಅವತ್ತು ಆ ಮನೆಯಲ್ಲಿ ಭಜನೆ. ಬೇರೆ ಕರೆಯೋಲೆ ಇಲ್ಲ. ಪೆಟ್ಟಿಗೆ ಎತ್ತಿದರೆ ವೀಳ್ಯ ಕೊಟ್ಟಂತೆ. ಇದು ಹಸುಗೂಸಿಗೂ ಗೊತ್ತು. ಉಮಾಶಂಕರನಿಗೂ ಗೊತ್ತಿತ್ತು. ಆದರೆ ಆ ಬೆಳಿಗ್ಗೆ ಅವನ ಕಾಲು ಮಾತ್ರ ಊರಿನಲ್ಲಿತ್ತು, ತಲೆ ಫಿನ್‌ಲ್ಯಾಂಡಿನಲ್ಲಿತ್ತು.

ಬೆಳಗಿನ ಹಾಲು ಕಳಿಸಿ ಮನೆಗೆ ಬಂದ. ರಜನಿ ನರಸಾಪುರದ ಫ್ಯಾಕ್ಟರಿಯ ಮೊದಲ ಪಾಳಿಗೆ ಹೋಗಿದ್ದಳು, ಮನೆ ನಿಶ್ಶಬ್ದವಾಗಿತ್ತು. ನಡುಮನೆಯಲ್ಲಿ ನಲವತ್ತು ಲೀಟರಿನ ಖಾಲಿ ಹಾಲಿನ ಕ್ಯಾನು ಇಟ್ಟು, ಅದರೊಳಗೆ ದಾರದಲ್ಲಿ ಮೈಕು ಇಳಿಬಿಟ್ಟ. ಕ್ಯಾನಿನ ಬಾಯಿಗೆ ಶ್ರುತಿ ಪೆಟ್ಟಿಗೆ ಹಚ್ಚಿ ಒತ್ತಿದರೆ, ಒಳಗೆ ನಾದ ದಾರಿ ತಪ್ಪಿದ ದುಂಬಿಯಂತೆ ಸುತ್ತಿ ಸುತ್ತಿ ದಪ್ಪವಾಗುತ್ತಿತ್ತು. ಲ್ಯಾಪ್‌ಟಾಪಿನ ಫ್ಯಾನ್ ಸದ್ದು ಮೈಕಿಗೆ ಬೀಳಬಾರದೆಂದು ಉದ್ದನೆ ವೈರು ಎಳೆದು ಅದನ್ನು ಅಡಿಗೆಮನೆಯಲ್ಲಿಟ್ಟು ಬಾಗಿಲು ಹಾಕಿದ. ಫೋನು ಬಂದ್ ಮಾಡಿದ. ಒಂದೂಕಾಲಿಗೆ ಪರೀಕ್ಷೆಗೆಂದು ತಿದಿ ಒತ್ತಿದ. ನಾದ ಬೀದಿಗೆ ಹೋಯಿತು.

ಐದೇ ನಿಮಿಷಕ್ಕೆ ಬೀದಿ ನಾದಕ್ಕೆ ಬಂತು.

ಮುಂದೆ ಕೋದಂಡರಾಮಪ್ಪ, ಹಣೆಗೆ ಹೊಸ ನಾಮ. ಹಿಂದೆ ಹನ್ನೆರಡು ಜನ, ಕೈಯಲ್ಲಿ ತಾಳ. ಢೋಲಕ್ ಹೊತ್ತವನು ಕದಿರೇಶ. ಊರಿಗೆಲ್ಲ ಕೇಬಲ್ ಎಳೆದವನು. ಕೊನೆಯಲ್ಲಿ ತಟ್ಟೆಯಲ್ಲಿ ತೆಂಗಿನಕಾಯಿ ಹಿಡಿದು ವೆಂಕಟರತ್ನಮ್ಮ, ಎದುರು ಮನೆಯವರು. ಆಂಧ್ರದ ಗಡಿಯ ರಾಯಲ್ಪಾಡಿನಿಂದ ಸೊಸೆಯಾಗಿ ಬಂದು ನಲವತ್ತು ವರ್ಷವಾದರೂ ಅವರ ಕನ್ನಡ ಇನ್ನೂ ತೆಲುಗು ಸೀರೆ ಉಟ್ಟುಕೊಂಡೇ ಓಡಾಡುತ್ತಿತ್ತು.

"ಏಮಿ ನಾಯನಾ, ಹೆಂಡ್ತಿ ಇಲ್ಲದ ದಿನ ನೋಡಿ ದೇವರ ಮೇಲೆ ಭಕ್ತಿ ಬಂತಾ? ಕಡ್ಲೆ ನೆನೆಸಿದ್ದೀಯಾ ಇಲ್ವಾ ಗುಗ್ಗರಿಗೆ?"

ಉಮಾಶಂಕರನಿಗೆ ಆಗ ಪೆಟ್ಟಿಗೆಯ ಪದ್ಧತಿ ನೆನಪಾಯಿತು. ಅಷ್ಟರಲ್ಲಿ ಹನ್ನೆರಡು ಜನವೂ ಕೂತಾಗಿತ್ತು.

"ಮಾವ, ಇವತ್ತು ಭಜನೆ ಇಲ್ಲ."

"ಮತ್ತೆ ಇದೇನು?" ಕೋದಂಡರಾಮಪ್ಪ ಪೆಟ್ಟಿಗೆಯ ಕಡೆ ಬೆರಳು ತೋರಿಸಿದರು.

"ಶ್ರುತಿ."

"ಶ್ರುತಿ ಆದ್ಮೇಲೆ?"

"ಶ್ರುತಿನೇ."

"ಅದಾದ್ಮೇಲೆ?"

"ಒಂದು ಗಂಟೆ ಶ್ರುತಿನೇ ಮಾವ. ಅಷ್ಟೇ ಸಂಗೀತ."

ಕೋದಂಡರಾಮಪ್ಪ ಅವನನ್ನು ಕರುಣೆಯಿಂದ ನೋಡಿದರು. "ಲೇ, ಎಲೆ ಹಾಕಿ, ನೀರು ಚಿಮುಕಿಸಿ, ಊಟಕ್ಕೆ ಬಡಿಸಲ್ಲ, ಎಲೆನೇ ನೋಡ್ತಾ ಕೂತ್ಕೊಳ್ರಿ ಅಂತೀಯಲ್ಲ, ಯಾರಾದ್ರೂ ಒಪ್ತಾರೇನ್ಲಾ?"

"ಇದ್ರಲ್ಲಿ ಎಲೇನೇ ಊಟ ಮಾವ," ಎಂದ ಉಮಾಶಂಕರ್. ನಗುವವರು ಯಾರೂ ಇರಲಿಲ್ಲ.

ಗಂಟೆ ಒಂದೂ ಮುಕ್ಕಾಲು. ಅವರನ್ನು ಕಳಿಸುವುದಕ್ಕೆ ಅವನು ಪಟ್ಟ ಪಾಡು ಒಂದೆರಡಲ್ಲ. ಸಂಜೆ ಬನ್ನಿ ಎಂದ. ಸಂಜೆ ಹಾಲು ಕರೀಬೇಕು ಎಂದರು. ನಾಳೆ ಎಂದ, ಕೂತವರು ಹಾಡದೆ ಎದ್ದರೆ ಮನೆಗೆ ಏಳಿಗೆಯಿಲ್ಲ ಎಂದರು. ಸುಮ್ಮನೆ ಕೂತು ಕೇಳಿ ಎಂದ. ಎರಡು ನಿಮಿಷ ಕೂತರು. ಎಲ್ಲರೂ ತಾಳ ತಂದಿದ್ದರು, ತಾಳ್ಮೆಯನ್ನು ಯಾರೂ ತಂದಿರಲಿಲ್ಲ. ಒಬ್ಬ ಗಂಟಲು ಸರಿಮಾಡಿಕೊಂಡ, ಇನ್ನೊಬ್ಬ ಅದಕ್ಕೆ ಟಿಣ್ ಎಂದ, ಕದಿರೇಶನ ಬೆರಳುಗಳು ಢೋಲಕಿನ ಮೇಲೆ ತಾವಾಗಿಯೇ ನಡೆಯತೊಡಗಿದವು. ಕೋದಂಡರಾಮಪ್ಪ ಕಣ್ಣು ಮುಚ್ಚಿ ಬಾಯಿ ತೆರೆದರು.

ಒಂದು ಐವತ್ತೆರಡು. ಉಮಾಶಂಕರ್ ಎದ್ದು ನಿಂತ. ಮುಳುಗುವವನ ಕೈಗೆ ಹುಲ್ಲುಕಡ್ಡಿ ಸಿಗುತ್ತದೆ. ಅವನ ನಾಲಿಗೆಗೆ ಹೆಣ ಸಿಕ್ಕಿತು.

"ನಮ್ಮೋರೊಬ್ರು ತೀರ್ಕೊಂಡ್ರು."

ಢೋಲಕ್ ನಿಂತಿತು.

"ಎವರಯ್ಯಾ? ಯಾರು?" ವೆಂಕಟರತ್ನಮ್ಮನ ತಟ್ಟೆಯಲ್ಲಿ ಕಾಯಿ ಉರುಳಿತು.

ಯಾರು? ಗುಂಪಿನಲ್ಲಿ ಅವನನ್ನು ಮೊದಲ ದಿನದಿಂದ ಬೆನ್ನು ತಟ್ಟಿದ ಫಿನ್‌ಲ್ಯಾಂಡಿನ ಗೆಳೆಯನ ಹೆಸರೇ ಬಾಯಿಗೆ ಬಂತು. ಉಪಕಾರ ಮಾಡಿದವರನ್ನೇ ಮೊದಲು ಕೊಲ್ಲುವುದು ಮನುಷ್ಯನ ಸ್ವಭಾವ.

"ಪೆಕ್ಕ ಅಂತ. ಫಾರಿನ್‌ನವರು. ನಂಗೆ ಒಡಹುಟ್ಟಿದ ಅಣ್ಣನಿಗಿಂತ ಹೆಚ್ಚು. ಅವರ ಕಡೆ ಪದ್ಧತಿ ಹಿಂಗೇ: ಸತ್ತೋರ ಹೆಸರಲ್ಲಿ ಒಂದು ಗಂಟೆ ಬರೀ ಶ್ರುತಿ. ಯಾರೂ ಹಾಡಬಾರದು, ಮಾತಾಡಬಾರದು. ಎರಡು ಗಂಟೆಗೆ ಸರಿಯಾಗಿ."

"ಅಯ್ಯೋ, ಮೊದಲೇ ಹೇಳಬಾರದೇನ್ಲಾ," ಎಂದರು ಕೋದಂಡರಾಮಪ್ಪ. "ಪೆಕ್ಕಪ್ಪನೋರಿಗೆ ವಯಸ್ಸೆಷ್ಟು?"

"ನಲವತ್ತೊಂದು."

"ಛೆ, ಛೆ, ಛೆ."

ಅವರು ನಾಮ ಒರೆಸಿಕೊಂಡರು. ತಾಳಗಳು ಟವಲಿನೊಳಗೆ ಹೋದವು. ಕದಿರೇಶ ಢೋಲಕನ್ನು ಮೂಲೆಗಿಟ್ಟು, ಮಾತಾಡದೆ, ತುದಿಗಾಲಿನಲ್ಲಿ ಹೊರಗೆ ಹೋದ. ಒಬ್ಬನಾದರೂ ತೊಲಗಿದ ಎಂದುಕೊಂಡು ಉಮಾಶಂಕರ್ ಅಡಿಗೆಮನೆಗೆ ಓಡಿ ಪ್ರಸಾರದ ಗುಂಡಿ ಒತ್ತಿ, ಬಾಗಿಲು ಎಳೆದುಕೊಂಡು ಬಂದು ಕೂತ. ಸರಿಯಾಗಿ ಎರಡು ಗಂಟೆಗೆ ತಿದಿ ಒತ್ತಿದ.

ಅಂಥ ಮೌನವನ್ನು ಆ ಮನೆ ಕಂಡಿರಲಿಲ್ಲ. ಎರಡು ಐದಕ್ಕೆ ಕದಿರೇಶ ವಾಪಸು ಬಂದು ಕೈಕಟ್ಟಿ ಕೂತ. ಸುದ್ದಿ ಹೇಗೋ ಹರಡಿತ್ತು. ಜನ ಒಬ್ಬೊಬ್ಬರಾಗಿ ಚಪ್ಪಲಿ ಹೊರಗೆ ಬಿಟ್ಟು, ಕಣ್ಣಲ್ಲೇ ಸಮಾಧಾನ ಹೇಳಿ, ಗೋಡೆಯ ಬದಿಗೆ ಕೂತರು. ಯಾರೋ ಪದ್ಧತಿಯಂತೆ ಮನೆಯ ಮುಂದೆ ಬೆರಣಿಯ ಬೆಂಕಿ ಹಾಕಿದರು. ಹೊಗೆ ಒಳಗೆ ಬಂತು. ಉಮಾಶಂಕರ್ ಹನ್ನೆರಡು ನಿಮಿಷ ಕೆಮ್ಮನ್ನು ಗಂಟಲಲ್ಲೇ ಕಟ್ಟಿ ಹಾಕಿದ. ಕಣ್ಣಲ್ಲಿ ಧಾರಾಕಾರ ನೀರು. "ಪಾಪಂ," ಎಂಬ ಅರ್ಥದಲ್ಲಿ ವೆಂಕಟರತ್ನಮ್ಮ ತಲೆಯಾಡಿಸಿದರು.

ಆದರೆ ನಾದ! ಕ್ಯಾನಿನೊಳಗೆ ಅದು ಒಂದಿದ್ದದ್ದು ಎರಡಾಗಿ, ಎರಡು ಮತ್ತೆ ಒಂದಾಗಿ, ಗೋಡೆಯ ಸುಣ್ಣಕ್ಕೂ ಕೂತವರ ಬೆನ್ನುಮೂಳೆಗೂ ಇಳಿಯಿತು. ನಲವತ್ತು ಜನರ ಉಸಿರು ತಿದಿಯ ಜೊತೆ ಏರಿ ಇಳಿಯುತ್ತಿತ್ತು. ಅವನಿಗೆ ತನ್ನ ತೋಳು ಸೋತಿದ್ದೂ ತಿಳಿಯಲಿಲ್ಲ. ಇಷ್ಟು ಚೆನ್ನಾಗಿ ಅವನು ಹಿಂದೆ ನುಡಿಸಿರಲಿಲ್ಲ.

ಎರಡು ನಲವತ್ತಕ್ಕೆ ಕಂಪನಿ ಬಸ್ಸಿಳಿದು ರಜನಿ ಬಂದಳು. ಮನೆಯ ಮುಂದೆ ಬೆಂಕಿ, ರಾಶಿ ಚಪ್ಪಲಿ, ಒಳಗೆ ತಲೆ ತಗ್ಗಿಸಿ ಕೂತ ಊರು. ಊಟದ ಡಬ್ಬಿ ಕೈಜಾರುವುದರೊಳಗೆ ವೆಂಕಟರತ್ನಮ್ಮ ಹೊಸಿಲಿಗೆ ಹಾರಿ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಅವಳ ಬಾಯಿ ಹಿಡಿದರು.

"ಅರಚಬೇಡ ತಲ್ಲೀ," ಎಂದು ಕಿವಿಯಲ್ಲಿ ಉಸುರಿದರು, "ನಿನ್ನ ಗಂಡ ಅಲ್ಲ, ನಿನ್ನ ಭಾವ."

ಒಬ್ಬ ಭಾವನೂ ಇಲ್ಲದ ರಜನಿ ಕ್ಯಾನಿನ ಹಿಂದೆ ಬದುಕಿ ಕೂತಿದ್ದ ಗಂಡನನ್ನು ನೋಡಿದಳು. ಗಂಡ ಸತ್ತ ದುಃಖ ಅಷ್ಟೊತ್ತಿಗೆ ಕಣ್ಣಿನವರೆಗೆ ಬಂದುಬಿಟ್ಟಿತ್ತು. ವಾಪಸು ಕಳಿಸಲಾಗದೆ, ಸದ್ದಿಲ್ಲದೆ ಅತ್ತುಕೊಂಡೇ ಕೂತಳು. ಕೊನೆಯ ಇಪ್ಪತ್ತು ನಿಮಿಷವನ್ನು ಪೂರ್ತಿ ಕೇಳಿದಳು.

ಮೂರಕ್ಕೆ ಉಮಾಶಂಕರ್ ಕೈ ಬಿಟ್ಟ. ತಿದಿ ನಿಟ್ಟುಸಿರಿಟ್ಟಿತು. ಯಾರೂ ಏಳಲಿಲ್ಲ.

"ಶಂಕ್ರ," ಎಂದರು ಕೋದಂಡರಾಮಪ್ಪ. "ಐವತ್ತು ವರ್ಷ ಶ್ರುತಿ ಮೇಲೆ ಹಾಡಿದೀನಿ. ಶ್ರುತಿನ ಕೇಳಿದ್ದು ಇವತ್ತೇ ಕಣೋ."

ಆ ಮಾತಿಗೆ ಕಿವಿಗೊಡುವ ಪುರುಸೊತ್ತು ಉಮಾಶಂಕರನಿಗಿರಲಿಲ್ಲ. ಜಗತ್ತು ಏನೆಂದಿತು ನೋಡಲು ಅಡಿಗೆಮನೆಗೆ ಓಡಿದ. ಲ್ಯಾಪ್‌ಟಾಪಿನ ಪರದೆಯ ನಡುವೆ ಒಂದು ಕೆಂಪು ಸಾಲಿತ್ತು: ಇಂಟರ್ನೆಟ್ ಇಲ್ಲ. ಪ್ರಸಾರ ಕಡಿದದ್ದು ಎರಡು ಗಂಟೆ ಮೂರು ನಿಮಿಷಕ್ಕೆ.

ಹಿಂದೆ ಯಾರೋ ಮೆಲ್ಲಗೆ ಕೆಮ್ಮಿದರು. ಕದಿರೇಶ.

"ಅಣ್ಣ, ಬೀದಿ ಲೈನು ನಾನೇ ತೆಗೆದೆ. ನೀವು ಹೇಳ್ದೇ ಇದ್ರೂ ಅದು ನಮ್ಮ ಧರ್ಮ. ಸಾವಾದ ಬೀದೀಲಿ ಟಿವಿ ಓಡಬಾರದು ಅಂತ ನಮ್ಮಪ್ಪನ ಕಾಲದಿಂದ್ಲೂ ನಡಕೊಂಡ್ಬಂದೈತೆ. ಆಗ ಬರೀ ಕೇಬಲ್ಲು. ಈಗ ಇಂಟರ್ನೆಟ್ಟೂ ಅದೇ ವೈರಲ್ಲಿ ಬರ್ತದೆ, ಅದೂ ಹೋಗ್ತದೆ."

ಉಮಾಶಂಕರ್ ಅವನನ್ನು ಬೈಯಲು ಬಾಯಿ ತೆರೆದ. ಬೈಯಲು ಕಾರಣ ಹೇಳಬೇಕಿತ್ತು. ಕಾರಣ ಹೇಳಿದರೆ ಪೆಕ್ಕಪ್ಪ ಬದುಕಿಬಿಡುತ್ತಿದ್ದ. ಬಾಯಿ ಮುಚ್ಚಿಕೊಂಡು ಫೋನು ತೆರೆದ. ಮೊಬೈಲಿನ ನೆಟ್ಟಿಗೆ ಜೀವ ಬರುತ್ತಲೇ ಗುಂಪಿನ ಮೆಸೇಜುಗಳು ಆಲಿಕಲ್ಲಿನಂತೆ ಬಿದ್ದವು.

"ಮೂರು ನಿಮಿಷ ನಾದ ಕೊಟ್ಟು, ಐವತ್ತೇಳು ನಿಮಿಷ ಅದನ್ನು ಮರಳಿ ಪಡೆದ ಧೈರ್ಯಕ್ಕೆ ನಮಸ್ಕಾರ."

"ಒಬ್ಬರೂ ಎದ್ದು ಹೋಗಲಿಲ್ಲ. ಇಷ್ಟು ತುಂಬಿದ ನಿಶ್ಶಬ್ದವನ್ನು ನಾನು ಕೇಳಿಯೇ ಇಲ್ಲ."

"ಎರಡು ವರ್ಷದಿಂದ ನೀನು ಹಾಕಿದ್ದನ್ನೆಲ್ಲ ಕೇಳಿದ್ದೇವೆ. ಇದೇ ಅತ್ಯುತ್ತಮ. ಮುಂದಿನ ವರ್ಷದ ಒಂದು ಗಂಟೆ ಈಗಲೇ ನಿನ್ನ ಹೆಸರಿಗೆ ಬರೆದಿದ್ದೇವೆ. ದಯವಿಟ್ಟು ಇದನ್ನೇ ನುಡಿಸು."

ಕೊನೆಯದರ ಕೆಳಗೆ ಮೂರು ಹೃದಯದ ಗುರುತು ಹಾಕಿದ್ದವನು ಪೆಕ್ಕ.

ಉಮಾಶಂಕರ್ ಅಡಿಗೆಮನೆಯ ಕಟ್ಟೆಗೆ ಒರಗಿದ. ನಡುಮನೆಯಲ್ಲಿ ವೆಂಕಟರತ್ನಮ್ಮ ಮೂರನೇ ದಿನದ ಹಾಲು-ತುಪ್ಪಕ್ಕೆ ಯಾರ ಮನೆಯಿಂದ ಎಷ್ಟು ಹಾಲು ಎಂದು ಗೊತ್ತುಮಾಡುತ್ತಿದ್ದರು. ಕದಿರೇಶ ಇನ್ನೂ ಅಲ್ಲೇ ನಿಂತಿದ್ದ, ಏನೋ ಕೇಳಲೋ ಬೇಡವೋ ಎಂಬಂತೆ.

"ಏನೋ?" ಎಂದ ಉಮಾಶಂಕರ್, ಸತ್ತ ದನಿಯಲ್ಲಿ.

"ಬೇಜಾರು ಮಾಡ್ಕೋಬೇಡಿ ಅಣ್ಣ. ಬೀದಿಯೋರು ಸೀರಿಯಲ್ ಟೈಮಿಗೆ ಲೈನು ಬರ್ತದಾ ಅಂತ ಕೇಳ್ತಾವ್ರೆ. ನಾವು ಕೊಡೋದು ಹೆಣ ಎತ್ತಿದ ಮೇಲೇನೇ." ಅವನು ದನಿ ಇನ್ನೂ ತಗ್ಗಿಸಿದ. "ಹೆಂಗೂ ಫೋನ್ ಕೈಯಲ್ಲೇ ಐತಲ್ಲ. ಪೆಕ್ಕಪ್ಪನೋರ್ನ ಎಷ್ಟೊತ್ಗೆ ಎತ್ತುತಾರೆ, ಸ್ವಲ್ಪ ಕೇಳಿ ಹೇಳ್ತೀರಾ?"