ಮುರಿಯದೆ ಹಟ ಹಿಡಿದ ಸ್ಪ್ರಿಂಗು

ಲಟಕ್ ಮಾಮನ ಆ ದಿನದ ಪಾಡಿಗೆಲ್ಲ ಕಾರಣ ಅವನ ಬಲಗಾಲಿನ ಮಂಡಿ. ಕೂತಲ್ಲಿಂದ ಎದ್ದಾಗಲೆಲ್ಲ ಅದು ಲಟಿಕೆ ಮುರಿದ ಹಾಗೆ ಸದ್ದು ಮಾಡುತ್ತಿತ್ತು. ಕಾರ್ಖಾನೆಯವರು ಅವನ ನಿಜವಾದ ಹೆಸರನ್ನು ಮರೆತು ಇಪ್ಪತ್ತು ವರ್ಷವಾದರೂ ಆಗಿರಬೇಕು.

ಮಾಮನ ಕೆಲಸ ಸ್ಪ್ರಿಂಗು ಮುರಿಯುವುದನ್ನು ಕಾಯುವುದು. ಕಾರಿನ ಇಂಜಿನ್ನಿನಲ್ಲಿ ತೆರೆದ ವಾಲ್ವನ್ನು ಮತ್ತೆ ಮುಚ್ಚುವುದು ಬೆರಳುದ್ದದ ಒಂದು ಸ್ಪ್ರಿಂಗು. ಓಟದ ಕಾರಿಗಾದರೆ ಕಾರ್ಖಾನೆ ಅದನ್ನು ನಿಮಿಷಕ್ಕೆ ಏಳು ಸಾವಿರ ಸುತ್ತು ತಾಳುವಂತೆ ಮಾಡುತ್ತದೆ. ಕೊಂಡ ಹುಚ್ಚರು ಸುಮ್ಮನಿರುತ್ತಾರೆಯೇ, ಒಂಬತ್ತು ಸಾವಿರಕ್ಕೆ ತುಳಿಯುತ್ತಾರೆ. ಹಾಗೆ ತುಳಿದರೆ ಅದು ಎಷ್ಟು ಹೊತ್ತು ಬಾಳೀತೆಂದು ಕಂಡುಹಿಡಿದು ವರದಿಯಲ್ಲಿ ಒಂದು ಅಂಕಿ ಬರೆಯಬೇಕು. ಗಾಜಿನ ಆಚೆ ಯಂತ್ರದಲ್ಲಿ ಸ್ಪ್ರಿಂಗು, ಈಚೆ ಕುರ್ಚಿಯಲ್ಲಿ ಮಾಮ. ಮುರಿದರೆ ಟಕ್ಕೆಂದು ಸದ್ದಾಗುತ್ತದೆ, ವಾಲ್ವು ಜೋತುಬೀಳುತ್ತದೆ, ಕೆಂಪು ದೀಪ ಹತ್ತುತ್ತದೆ.

ಅಂದು ಸಂಜೆ ಐದೂವರೆಗೆ ರೈಲು. ಮಗಳು ಹೆತ್ತು ಹನ್ನೆರಡು ದಿನವಾಗಿದ್ದರೂ ಮಾಮ ಇನ್ನೂ ಮೊಮ್ಮಗಳ ಮುಖ ನೋಡಿರಲಿಲ್ಲ. ದೊಡ್ಡ ಸಾಹೇಬರು ರಜೆ ಕೊಟ್ಟಿದ್ದರು; ಆದರೆ ಅಂಕಿ ಬರೆದೇ ಹೊರಡಬೇಕೆಂದಿದ್ದರು. ಬೆಳಿಗ್ಗೆ ಎಂಟಕ್ಕೆ ಯಂತ್ರ ಹಚ್ಚಿದರೆ ಹತ್ತರೊಳಗೆ ಮುರಿಯುತ್ತದೆಂದು ಸ್ಪ್ರಿಂಗಿನ ನಕ್ಷೆ ಬರೆದ ಡಿಸೈನರೇ ಹೇಳಿದ್ದ. ಮಾಮ ಬೆಳಿಗ್ಗೆಯೇ ಪ್ರಯಾಣದ ಚೀಲ ತಂದು ಕುರ್ಚಿಯ ಪಕ್ಕದಲ್ಲಿಟ್ಟುಕೊಂಡಿದ್ದ.

ಒಂಬತ್ತೂ ನಲವತ್ತರ ಸುಮಾರಿಗೆ ಚಹಾ ತರಲು ಎದ್ದ. ಲಟಕ್ ಎಂದಿತು. ಮಂಡಿ ನೀವಿಕೊಂಡು ಹೋಗಿ ಬಂದ. ಯಂತ್ರ ಓಡುತ್ತಲೇ ಇತ್ತು, ಸದ್ದು ಮಾತ್ರ ತುಸು ಮೆತ್ತಗಾದಂತಿತ್ತು. ಡಿಸೈನರನನ್ನು ಕರೆದು ಕೇಳಿದ್ದಕ್ಕೆ ಅವನು ಗಾಜಿಗೆ ಕಿವಿಯಿಟ್ಟು, ಸ್ಪ್ರಿಂಗು ಈಗ ಪಳಗಿದೆ ಎಂದು ವಿವರಿಸಿ ಹೋದ.

ಹತ್ತಾಯಿತು, ಹನ್ನೊಂದಾಯಿತು. ದೀಪ ಹತ್ತಲಿಲ್ಲ. ಹನ್ನೆರಡರ ಹೊತ್ತಿಗೆ ಸುದ್ದಿ ಹಬ್ಬಿ, ಬಣ್ಣದ ವಿಭಾಗದವರು ಕೈ ಒರೆಸಿಕೊಳ್ಳುತ್ತ ಬಂದರು, ಲೆಕ್ಕಪತ್ರದವರು ಬಂದರು, ಕ್ಯಾಂಟೀನಿನಾಕೆ ಸೌಟು ಹಿಡಿದೇ ಬಂದಳು. ಮಾಮ ಮುನ್ನೂರು ಸ್ಪ್ರಿಂಗುಗಳ ಸಾವು ಕಂಡವನು. ಇಂಥದ್ದನ್ನು ಮಾತ್ರ ಕಂಡಿರಲಿಲ್ಲ. ಇಂಜಿನ್ನಿನ ಎರಡು ಸುತ್ತಿಗೊಮ್ಮೆಯಂತೆ ಸೆಕೆಂಡಿಗೆ ಎಪ್ಪತ್ತೈದು ಸಲ, ಕಣ್ಣಿಗೆ ಬರೀ ಮಂಜಿನಂತೆ ತೋರುತ್ತ, ಅದು ಬಗ್ಗುತ್ತಿತ್ತು, ಏಳುತ್ತಿತ್ತು. ಎರಡು ಸಲ ಬಗ್ಗಿ ಎದ್ದರೆ ಉಸ್ಸಪ್ಪಾ ಎನ್ನುವ ಮಾಮನಿಗೆ ಅದರ ಮುಂದೆ ಕುರ್ಚಿಯಲ್ಲಿ ಕೂರುವುದೇ ಅವಿನಯವೆನಿಸಿತು. ರೈಲಿನ ಚಿಂತೆಯ ನಡುವೆಯೂ ಅವನ ಎದೆ ತುಂಬಿ ಬಂತು.

ಎರಡು ಗಂಟೆಗೆ ದೊಡ್ಡ ಸಾಹೇಬರೇ ಬಂದರು. ಎಣಿಕೆಯ ಫಲಕ ಹದಿನಾರು ಲಕ್ಷ ದಾಟಿತ್ತು. ಅವರು ಕನ್ನಡಕ ತೆಗೆದರು, ಹಾಕಿದರು, ಮತ್ತೆ ತೆಗೆದರು. ಡಿಸೈನರನ ಬೆನ್ನು ತಟ್ಟಿದರು. ಅವನು ಉಬ್ಬಿದ ಉಬ್ಬಿಗೆ ಅಂಗಿಯ ಗುಂಡಿ ತಡೆದದ್ದೇ ಹೆಚ್ಚು.

“ನಿಲ್ಸಿ. ಈ ಮಹಾರಾಯನ್ನ ಒಂದ್ಸಲ ಕೈಯಲ್ಲಿ ಹಿಡ್ದು ನೋಡ್ಬೇಕು,” ಎಂದರು ಸಾಹೇಬರು.

ಮಾಮ ಯಂತ್ರ ನಿಲ್ಲಿಸಿ, ಒಳಹೋಗಿ, ಹಸುಗೂಸನ್ನು ಎತ್ತುವ ಹಾಗೆ ಸ್ಪ್ರಿಂಗನ್ನು ಎತ್ತಿದ. ಅದು ಅವನ ಕೈಯಲ್ಲಿ ಎರಡಾಯಿತು.

ಮುರಿದ ತುದಿಗಳು ಹೊಳಪೇರುವಷ್ಟು ಸವೆದಿದ್ದವು. ಎಂದರೆ ಮುರಿದು ಗಂಟೆಗಟ್ಟಲೆಯಾಗಿತ್ತು. ಮುರಿದ ಎರಡು ತುಂಡುಗಳು ಒಂದರ ಸುರುಳಿಯೊಳಗೆ ಇನ್ನೊಂದು ಹೊಕ್ಕು, ಹೆಗಲಿಗೆ ಹೆಗಲು ಕೊಟ್ಟು, ಏನೂ ಆಗಿಯೇ ಇಲ್ಲವೆಂಬಂತೆ ದುಡಿದಿದ್ದವು. ವಾಲ್ವು ಜೋತುಬೀಳಲಿಲ್ಲ, ದೀಪಕ್ಕೆ ಗೊತ್ತಾಗಲಿಲ್ಲ. ಮುರಿದ ಮೇಲೂ ಇಷ್ಟು ದುಡಿಯಿತಲ್ಲ ಎಂದು ಮಾಮನಿಗೆ ಮೊದಲಿಗಿಂತ ಹೆಚ್ಚಿನ ಬೆರಗಾಯಿತು. ಡಿಸೈನರನಿಗೆ ಮಾತ್ರ ಹಾಗೇನೂ ಅನ್ನಿಸಿದಂತೆ ಕಾಣಲಿಲ್ಲ.

ಯಾವಾಗ ಮುರಿಯಿತೆಂದು ಸಾಹೇಬರು ಕೇಳಿದರು. ಮಾಮನಿಗೆ ಥಟ್ಟನೆ ಹೊಳೆಯಿತು. ಚಹಾದ ಹೊತ್ತಿನ ಲಟಕ್ ಮಂಡಿಯದ್ದಲ್ಲ. ಒಂಬತ್ತೂ ನಲವತ್ತಕ್ಕೇ ಮುರಿದಿದೆ, ಅಂಕಿ ನೂರು ನಿಮಿಷ, ಬರೆದುಬಿಡುತ್ತೇನೆ ಎಂದು ಅವನು ಉತ್ಸಾಹದಿಂದ ಹೇಳಿದ.

“ಸಾಕ್ಷಿ?”

“ಮಂಡಿ, ಸಾರ್.”

ಮಂಡಿಯ ಸಾಕ್ಷಿಯ ಮೇಲೆ ವರದಿ ಬರೆಯುವ ಪದ್ಧತಿ ತಮ್ಮಲ್ಲಿಲ್ಲ ಎಂದರು ಸಾಹೇಬರು. ಹೊಸ ಸ್ಪ್ರಿಂಗು, ಮೊದಲಿನಿಂದ ಪರೀಕ್ಷೆ. ಇನ್ನು ದೀಪವನ್ನು ನಂಬುವಂತಿಲ್ಲ, ಕಿವಿಯನ್ನೇ ನಂಬಬೇಕು. ಸದ್ದು ಕೇಳಿದ ಕ್ಷಣ ಕೆಂಪು ಗುಂಡಿ ಒತ್ತಿ ನಿಲ್ಲಿಸಬೇಕು. ಅಲ್ಲಿಯವರೆಗೆ ಕುರ್ಚಿಯಿಂದ ಏಳಕೂಡದು.

ಎರಡೂವರೆಗೆ ಹಚ್ಚಿದರು. ನೂರು ನಿಮಿಷವೆಂದರೆ ನಾಲ್ಕೂ ಹತ್ತು. ನಿಲ್ದಾಣಕ್ಕೆ ಅರ್ಧ ಗಂಟೆ ದಾರಿ. ಬದುಕಿದೆ ಎಂದುಕೊಂಡ ಮಾಮ, ಹೆಂಡತಿಗೆ ಫೋನು ಮಾಡಿ ಸೀದಾ ನಿಲ್ದಾಣಕ್ಕೆ ಬರಲು ಹೇಳಿದ. ಆಮೇಲೆ ವಿಗ್ರಹದಂತೆ ಕೂತ. ಕಾಲು ಜೋಮು ಹಿಡಿಯಿತು, ಮೂಗು ತುರಿಸಿತು, ಅವನು ಮಿಸುಕಲಿಲ್ಲ. ಗಾಜಿನಾಚೆಯ ಮಂಜನ್ನೇ ನೋಡುತ್ತ, ಮಾರಾಯ, ನೀನು ದೊಡ್ಡವನು ನಿಜ, ಆದರೆ ಇವತ್ತೊಂದು ದಿನ ಬೇಗ ಮುರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ನಾಲ್ಕೂ ಹತ್ತಾಯಿತು. ನಾಲ್ಕೂ ಹದಿನೈದಾಯಿತು. ಚೀಲ ಕೈಗೆಟಕುವಷ್ಟು ಹತ್ತಿರವಿದೆಯೇ ಎಂದು ಮಾಮ ಒಂದಿಷ್ಟು, ಒಂದೇ ಒಂದಿಷ್ಟು, ಕಾಲು ಚಾಚಿದ.

ಲಟಕ್.

“ಮುರೀತು,” ಎನ್ನುತ್ತ ಮಾಮ ಗುಂಡಿ ಒತ್ತಿಯೇಬಿಟ್ಟ. ಯಂತ್ರ ನಿಂತಿತು. ಎಲ್ಲರೂ ಓಡಿ ಬಂದರು. ಚೀಲ ಹೆಗಲಿಗೇರಿಸಿಕೊಂಡೇ ಒಳನುಗ್ಗಿದ ಮಾಮ ಸ್ಪ್ರಿಂಗನ್ನು ಹೊರತೆಗೆದ. ಎಳೆದ, ತಿರುಚಿದ, ಬೆಳಕಿಗೆ ಹಿಡಿದು ನೋಡಿದ. ಕೂದಲೆಳೆಯಷ್ಟು ಬಿರುಕೂ ಇಲ್ಲದೆ ಅದು ಅವನ ಅಂಗೈಯಲ್ಲಿ ಬೆಚ್ಚಗೆ ಕೂತಿತ್ತು. ಸಾಹೇಬರು ಮೊದಲು ಸ್ಪ್ರಿಂಗನ್ನು, ಆಮೇಲೆ ಮಾಮನ ಬಲಗಾಲನ್ನು ನೋಡಿದರು. ಒಮ್ಮೆ ದಣಿವಾರಿಸಿಕೊಂಡ ಸ್ಪ್ರಿಂಗನ್ನು ಮತ್ತೆ ಓಡಿಸಿದರೆ ಲೆಕ್ಕಕ್ಕೆ ಬರುವುದಿಲ್ಲ. ಸಾಹೇಬರು ಪೆಟ್ಟಿಗೆಯಿಂದ ಮೂರನೆಯದನ್ನು ತೆಗೆದುಕೊಟ್ಟರು.

ನಾಲ್ಕೂ ಮುಕ್ಕಾಲಿಗೆ ಯಂತ್ರ ಮತ್ತೆ ಗುಯ್ಗುಟ್ಟತೊಡಗಿತು. ಮಾಮ ಹೆಂಡತಿಗೆ ಫೋನು ಮಾಡಿ, ನೀನೊಬ್ಬಳೇ ರೈಲು ಹತ್ತು, ಮಗುವಿನ ಕೆನ್ನೆ ನನ್ನ ಪರವಾಗಿ ಮುಟ್ಟು ಎಂದ. ಕಾರಣ ಕೇಳಿದಳು, ನಡೆದದ್ದನ್ನೆಲ್ಲ ಹೇಳಿದ.

“ಆ ಸದ್ದು ಮೂವತ್ತು ವರ್ಷದಿಂದ ಕೇಳ್ತಿದೀನಿ,” ಎಂದಳು ಅವಳು. “ಆಗ ಮಾಡಿದ ಫೋನು ಇಡದೆ ನಂಗೂ ಕೇಳಿಸಿದ್ರೆ, ಗುಂಡಿ ಒತ್ತೋ ಮುಂಚೆ ಯಾವುದು ಸ್ಪ್ರಿಂಗು, ಯಾವುದು ನೀವು ಅಂತ ನಾನೇ ಹೇಳ್ತಿದ್ನಲ್ಲ.”