ಗಡಿಯಾರ ಬೀಳಿಸಿದವರು ಯಾರು

ಅಂಗೈಯಗಲದ ಹಸಿರು ಬೋರ್ಡೊಂದು ಬೆಳಗ್ಗೆ ಎಂಟರಿಂದ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಮೂರು ತಿಂಗಳು ಕೂತು, ಬೆಸುಗೆ ಹಾಕಿ, ಅದನ್ನು ಕಟ್ಟಿದವನು ಚಿಕ್ಕವನು. ಕಂಪ್ಯೂಟರಿನಲ್ಲಿ ಅಂಕಿಗಳಾಗಿ ಮಲಗಿರುವ ಹಾಡನ್ನು ದನಿಯಾಗಿ ಎಬ್ಬಿಸುವುದು ಆ ಬೋರ್ಡಿನ ಕೆಲಸ. ಚಿಕ್ಕವನೆಂದರೆ ಹುಡುಗನಲ್ಲ. ವಯಸ್ಸು ಐವತ್ತಾರು, ತೂಕ ಎಂಬತ್ತೆರಡು ಕಿಲೋ. ಮನೆಗೆ ಕಿರಿಯ ಮಗನೆಂಬ ಒಂದೇ ಕಾರಣಕ್ಕೆ ಆ ಹೆಸರು ಅಂಟಿಕೊಂಡಿತ್ತು.

ಸಂಜೆ ಐದಕ್ಕೆ ಅಕ್ಕ ಅಪ್ಪನನ್ನು ಕರೆತರುವವಳಿದ್ದಳು. ಅಷ್ಟರೊಳಗೆ ಗುಂಯ್ ನಿಲ್ಲದಿದ್ದರೆ ಐವತ್ತೊಂದು ವರ್ಷದ ವ್ಯಾಜ್ಯ ಬಗೆಹರಿಯುವಂತಿರಲಿಲ್ಲ.

ಅವನ ಐದನೆಯ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ, ಅಮ್ಮ ಟೇಪ್ ರೆಕಾರ್ಡರಿನ ಮುಂದೆ ಕೂತು ಹಾಡಿದ್ದಳು. ಹಾಡಿನ ನಡುವೆ ‘ಧಡಾರ್’ ಎಂದಿತು. ಗಣಿತದ ಮೇಷ್ಟರಾದ ಅಪ್ಪನಿಗೆ ಬಹುಮಾನವಾಗಿ ಬಂದಿದ್ದ ಗಾಜಿನ ಗಡಿಯಾರ ಚೂರುಚೂರಾಗಿತ್ತು. ಮೇಜಿನ ಕೆಳಗೆ ನಿದ್ದೆಹೋಗಿದ್ದ ಚಿಕ್ಕವನ ಕಾಲಿಗೆ ವೈರು ಸುತ್ತಿಕೊಂಡಿತ್ತು. ಅಪ್ಪನ ತೀರ್ಪಿಗೆ ಅಷ್ಟು ಸಾಕಾಯಿತು: ಎರಡರ ಮಗ್ಗಿ ನೂರು ಸಲ, ಮೇಲಾಗಿ, ವೈರಿರುವ ಯಾವ ವಸ್ತುವನ್ನೂ ಮುಟ್ಟಕೂಡದು. ಅಂದಿನಿಂದ ಅವನ ವಾದ, “ನಾನಲ್ಲ, ಅಕ್ಕ.” ಅಕ್ಕನ ವಾದ, “ನಾನು ಹಿತ್ತಲಲ್ಲಿದ್ದೆ.”

ಧಡಾರ್ ಆದ ಮೇಲೆ ಟೇಪಿನಲ್ಲಿ ಅಮ್ಮ ಏನೋ ಪಿಸುಗುಟ್ಟುತ್ತಾಳೆ. ತಪ್ಪಿತಸ್ಥರ ಹೆಸರನ್ನೇ ಹೇಳಿರಬೇಕು. ಅಮ್ಮ ಹೋಗಿ ಹನ್ನೆರಡು ವರ್ಷವಾದ್ದರಿಂದ ಉಳಿದ ಸಾಕ್ಷಿ ಅದೊಂದೇ. ಟೇಪು ಕಂಪ್ಯೂಟರಿಗೇನೋ ಇಳಿದಿತ್ತು. ಆದರೆ ಆ ಪಿಸುಮಾತನ್ನು ಬೋರ್ಡಿನ ಗುಂಯ್ ನುಂಗಿಹಾಕುತ್ತಿತ್ತು.

“ಫ್ರಿಜ್ ಆರಿಸಿ ನೋಡಿ,” ಎಂದಳು ಮಹಡಿಯ ಟೈಲರಮ್ಮ. ಆರಿಸಿದರು. ಗುಂಯ್ ನಿಲ್ಲಲಿಲ್ಲ, ಹಾಲು ಕೆಟ್ಟಿತು.

“ಹಾಲು ಒಡೀತು,” ಎಂದಳು ಹೆಂಡತಿ. “ಇವತ್ತು ಇನ್ನೇನೇನು ಒಡೆಯೋದಿದೆ, ಈಗಲೇ ಹೇಳ್ಬಿಡಿ.”

ಪಕ್ಕದ ಮನೆಯ ವೈರ್‌ಮನ್ ಕರೆಯದೆಯೇ ಬಂದ. “ಅಣ್ಣಾ, ತಪ್ಪು ಬೋರ್ಡಿಂದಲ್ಲ, ಈ ಅಗ್ಗದ ಅಡಾಪ್ಟರ್‌ದು. ಕರೆಂಟ್ ಕೊಳೆಯಾಗಿ ಬರ್ತಿದೆ. ಕೊಳೆ ನೀರಲ್ಲಿ ಪಾತ್ರೆ ತೊಳೆದ್ರೆ ಹೊಳೆಯುತ್ತಾ? ನನ್ನ ಹತ್ರ ಹಳೇ ಆಂಪ್ಲಿಫೈಯರ್‌ದು ಟ್ರಾನ್ಸ್‌ಫಾರ್ಮರ್ ಇದೆ, ತರ್ತೀನಿ.”

ಅಡಾಪ್ಟರ್ ಕಸದ ಬುಟ್ಟಿ ಸೇರಿತು. ಮಧ್ಯಾಹ್ನದ ಊಟ ಬಿಟ್ಟು ಚಿಕ್ಕವನು ಹೊಸ ಪವರ್ ಸಪ್ಲೈ ಕಟ್ಟಿದ. ಗಣಿತದ ಮೇಷ್ಟರ ಮಗನಾಗಿಯೂ ಒಂದು ಕೆಪಾಸಿಟರಿನ ಕೂಡುವ ಗುರುತನ್ನು ಕಳೆಯುವ ಗುರುತಿಗೆ ಜೋಡಿಸಿಬಿಟ್ಟ. ಸ್ವಿಚ್ಚು ಒತ್ತಿದ್ದೇ ತಡ, ಅದು ಪಟಾರನೆ ಸಿಡಿದು ಹೊಗೆಯೆದ್ದಿತು. ಟೈಲರಮ್ಮ ಒಂದು ಬಕೆಟ್ ನೀರು ತಂದು ಎರಚಿದಳು. ಬೋರ್ಡಿಗೆ ಹನಿಯೂ ತಾಗಲಿಲ್ಲ, ಚಿಕ್ಕವನಿಗೆ ಸ್ನಾನವಾಯಿತು.

“ಗಂಡಸರಿಗೆ ಬೆಂಕಿ ಬೇಗ ಹತ್ತುತ್ತೆ,” ಎಂದಳು ಆಕೆ, ಬಕೆಟ್ ಮಗುಚಿಡುತ್ತ.

ಬೇರೆ ಕೆಪಾಸಿಟರ್ ಕೂತು, ಗುಂಯ್ ನಿಂತದ್ದೂ ಗೇಟು ಸದ್ದಾದದ್ದೂ ಒಂದೇ ಕ್ಷಣ. ಅಪ್ಪ ಐದೆಂದರೆ ಐದೇ.

ಅಪ್ಪ ಕುರ್ಚಿಯಲ್ಲಿ ಕೂತರು. “ಕಿವಿಯ ಮಿಷನ್ನಿಂದು ಸೆಲ್ ಮುಗಿದಿದೆ. ಜೋರಾಗಿ ಹಾಕು. ನಿಮ್ಮಮ್ಮ ಹೇಳಿದ ಮೇಲೆ ಮುಗೀತು. ಅವಳು ಜನ್ಮದಲ್ಲಿ ಒಂದೂ ಸುಳ್ಳಾಡಿದವಳಲ್ಲ.”

“ತಪ್ಪು ನಂದಾದ್ರೆ ಇಷ್ಟು ಜನರ ಮುಂದೆ ಕಿವಿ ಹಿಡ್ಕೋತೀನಿ,” ಎಂದಳು ಅಕ್ಕ. “ನಿಂದಾದ್ರೆ?”

“ನಾನೂ ಹಿಡ್ಕೋತೀನಿ.”

ಹಾಡು ಹೊರಟಿತು. ಅಮ್ಮ ಆ ಕೋಣೆಯೊಳಗೇ ಕೂತಂತಿತ್ತು. ಏರುದನಿಗೆ ಮುನ್ನ ಅವಳು ಎಳೆದುಕೊಳ್ಳುವ ಉಸಿರು, ಮರೆತ ಸಾಲನ್ನು ಬಾಯಿಮುಚ್ಚಿ ಗುನುಗಿ ದಾಟಿಸುವ ಜಾಣತನ, ಹಿಂದೆ ಎಲ್ಲೋ ತೊಟ್ಟಿಕ್ಕುವ ನಲ್ಲಿ. ಆ ನಲ್ಲಿಯನ್ನು ಅಪ್ಪ ಕೊನೆಗೂ ಸರಿಮಾಡಿಸಲಿಲ್ಲ. ಅಕ್ಕನ ಕೈ ತಮ್ಮನ ಒದ್ದೆ ಅಂಗಿಯ ತೋಳನ್ನು ಹಿಡಿದುಕೊಂಡಿತು. ಅಪ್ಪನ ಬೆರಳು ಕುರ್ಚಿಯ ಮೇಲೆ ತಾಳ ಹಾಕುತ್ತಿತ್ತು.

ಧಡಾರ್.

ಆಮೇಲೆ ಪಿಸುಮಾತು, ಗಾಜಿನಷ್ಟು ತಿಳಿಯಾಗಿ: “ಅಯ್ಯೋ, ನನ್ನ ಕೈ ತಾಗಿ ಅವರ ಗಡಿಯಾರ ಹೋಯ್ತಲ್ಲ. ಚಿಕ್ಕವನು ಬೀಳಿಸಿದ ಅಂದ್ಬಿಡ್ತೀನಿ. ಮಗು ಅಂತ ಬೈದು ಸುಮ್ಮನಾಗ್ತಾರೆ.” ಬೆನ್ನಿಗೇ ವೈರನ್ನು ಎಳೆದು ಯಾವುದಕ್ಕೋ ಸುತ್ತುವ ಸರಸರ ಸದ್ದು.

ಟೈಲರಮ್ಮ ಸೂರು ನೋಡಿದಳು.

“ಧಡಾರ್ ಕೇಳಿಸ್ತು,” ಎಂದರು ಅಪ್ಪ. “ಆಮೇಲೆ ಅವಳು ಏನಂದಳು?”

ಐವತ್ತೊಂದು ವರ್ಷ ಕಾದ ಮಾತು ಚಿಕ್ಕವನ ನಾಲಗೆಯ ತುದಿಗೆ ಬಂದಿತ್ತು. ಅವನು ಅಪ್ಪನ ಮುಖ ನೋಡಿದ. ಬೆರಳಿನ್ನೂ ತಾಳ ಬಿಟ್ಟಿರಲಿಲ್ಲ.

“ಚಿಕ್ಕವನು ಬೀಳಿಸಿದ ಅಂದಳು, ಅಪ್ಪ,” ಎಂದ, ಅಪ್ಪನ ಕಿವಿಗೆ ಬಾಗಿ.

ಒಂದಕ್ಷರವೂ ಸುಳ್ಳಿರಲಿಲ್ಲ.

“ಲೆಕ್ಕ ತಾಳೆಯಾಯ್ತು. ಹಿಡಿ ಕಿವಿ.”

ಅವನು ಹಿಡಿದುಕೊಂಡ. ಯಾರೂ ಹೇಳದೆ ಅಕ್ಕನೂ ತನ್ನ ಕಿವಿ ಹಿಡಿದುಕೊಂಡಳು.

“ಅವಳ ಮಾತನ್ನ ನಾನೇ ಒಂದು ಸಲ ಕೇಳಬೇಕಿತ್ತು,” ಎಂದರು ಅಪ್ಪ, ಮೆಲ್ಲಗೆ.

“ಸೆಲ್ ತಾನೇ ಅಜ್ಜ? ನನ್ನ ಪೆಟ್ಟಿಗೇಲಿದೆ,” ಎಂದು ವೈರ್‌ಮನ್ ಓಡಿದ. ಉಪಕಾರದಲ್ಲಿ ಅವನ ಕಾಲು ಯಾವಾಗಲೂ ತಲೆಗಿಂತ ಮುಂದು. ತಾನು ಮಾಡಿದ್ದೇನೆಂದು ಹೊಳೆದದ್ದು ಸೆಲ್ ಹಿಡಿದು ಹೊಸಿಲು ದಾಟಿದ ಮೇಲೆ. ಅಷ್ಟರಲ್ಲಿ ಅಪ್ಪ ಕೈ ಚಾಚಿಯಾಗಿತ್ತು.

ಆ ಎರಡು ನಿಮಿಷದಲ್ಲಿ ಚಿಕ್ಕವನು ಮೇಜಿನ ಕೆಳಗೆ ನುಸುಳಿದ್ದ. ದಿನವಿಡೀ ಬೆವರಿ ಕಟ್ಟಿದ ಪವರ್ ಸಪ್ಲೈ ಕಿತ್ತು, ಕಸದ ಬುಟ್ಟಿಯಿಂದ ಅಡಾಪ್ಟರ್ ತೆಗೆದು, ಬೋರ್ಡಿಗೆ ಸಿಕ್ಕಿಸಿದ್ದ.

ಅಪ್ಪ ಕಿವಿಗೆ ಮಿಷನ್ ಏರಿಸಿ ಮುಂದೆ ಬಾಗಿದರು. ಅಕ್ಕ ಹಾಡನ್ನು ಮೊದಲಿಂದ ಹಾಕಿದಳು. ಅಮ್ಮ ಹಾಡಿದಳು, ಗಡಿಯಾರ ಬಿತ್ತು, ಆಮೇಲೆ ಪಿಸುಮಾತಿನ ಬದಲು ಜೇನುಗೂಡು ಗುಂಯ್‌ಗುಟ್ಟಿತು.

ಅಪ್ಪ ಮೇಜಿನ ಕೆಳಗೆ ಇಣುಕಿದರು. ಮಗನ ಕಾಲಿಗೆ ವೈರು ಸುತ್ತಿಕೊಂಡಿತ್ತು.

“ಕೆಡಿಸಿದೆಯೇನೋ? ವೈರು ಮುಟ್ಟಬೇಡ ಅಂತ ಅವತ್ತೇ ಹೇಳಿದ್ದೆ.”